ಹೂಮಳೆಗೆ ಮುಂಚೆ ಪುಸ್ತಕದ ಕಪಾಟು: ಮಲೆನಾಡಿನ ಓದುಗರಿಗೆ

ಮೂಡಿಗೆರೆ, ಕೊಪ್ಪ, ಶೃಂಗೇರಿ, ಸಕಲೇಶಪುರದ ಕಡೆ ಮನೆಯಲ್ಲಿ ಪುಸ್ತಕ ಇಟ್ಟುಕೊಂಡವರಿಗೆ ಕಪಾಟಿನ ನೆನಪಾಗುವುದು ಆರಿದ್ರಾ ಮಳೆ ಹಿಡಿದ ಮೇಲೆ. ಬಾಗಿಲು ತೆಗೆದರೆ ಮುಗ್ಗಲು ವಾಸನೆ, ಪುಸ್ತಕದ ಬೆನ್ನಿನ ಮೇಲೆ ಬೂದಿ ಚೆಲ್ಲಿದ ಹಾಗೆ ಬೂಷ್ಟು. ಆಗ ಒಂದು ಬಟ್ಟೆಯಲ್ಲಿ ಒರೆಸಿ, ನಾಲ್ಕು ನುಸಿಗುಳಿಗೆ ಹಾಕಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡುತ್ತಾರೆ. ಒಳಗಿನ ತೇವವೂ ಆ ಚೀಲದೊಳಗೇ ಉಳಿಯುತ್ತದೆ. ದೀಪಾವಳಿಗೆ ಬಿಚ್ಚಿದಾಗ ಹಾಳೆ ಹಾಳೆಗೂ ಚುಕ್ಕೆ.

ಪುಸ್ತಕ ಕಾಯುವುದು ಬೇಸಿಗೆಯ ಕೆಲಸ. ಕಾಫಿ ಕುಯ್ಲು ಮುಗಿದು ಕಣ ಖಾಲಿಯಾಗುವ ಹೊತ್ತಿಗೆ, ಶಿವರಾತ್ರಿಯ ಆಸುಪಾಸಿನಲ್ಲಿ ಶುರು ಮಾಡಿ, ಕಾಫಿ ಹೂ ಅರಳಿಸುವ ಮೊದಲ ಬೇಸಿಗೆ ಮಳೆ, ಅಂದರೆ ಹೂಮಳೆ, ಬೀಳುವುದರೊಳಗೆ ಮುಗಿಸಬೇಕು. ಕಾಫಿ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸರಿಯಾಗಿ ಒಣಗದ ಬೀಜವನ್ನು ಮೂಟೆ ಕಟ್ಟಿದರೆ ಏನಾಗುತ್ತದೋ ಕಾಗದಕ್ಕೂ ಅದೇ ಆಗುತ್ತದೆ. ಗಾಳಿಯ ತೇವಾಂಶ ಶೇ. 50 ಇರುವಾಗ ಕಾಗದದ ತೂಕದಲ್ಲಿ ಸುಮಾರು ಶೇ. 6–7 ನೀರಿರುತ್ತದೆ. ಜುಲೈನಲ್ಲಿ ಗಾಳಿಯ ತೇವಾಂಶ ಶೇ. 85 ದಾಟಿದರೆ ಅದು ಶೇ. 12ರ ಹತ್ತಿರ ಹೋಗುತ್ತದೆ. ಐದು ಕಿಲೋ ಪುಸ್ತಕ ಇರುವ ಡಬ್ಬಿಯ ಲೆಕ್ಕ ಹಾಕಿದರೆ ಹೆಚ್ಚುವರಿ ನೀರೇ ಕಾಲು ಕಿಲೋ ಆಯಿತು. ಇದನ್ನು ಹೀರಲು ಒಂದು ಕಿಲೋಗಿಂತ ಹೆಚ್ಚು ಸಿಲಿಕಾ ಜೆಲ್ ಬೇಕು. ಶೂ ಡಬ್ಬಿಯಲ್ಲಿ ಬರುವ ನಾಲ್ಕು ಪುಟ್ಟ ಪೊಟ್ಟಣಗಳಿಂದ ಆಗುವ ಕೆಲಸವಲ್ಲ. ಅದೇ ಫೆಬ್ರವರಿಯ ಒಣ ಮಧ್ಯಾಹ್ನ ಡಬ್ಬಿ ಮುಚ್ಚಿದರೆ ಅಂಗೈಯಷ್ಟು ಸಿಲಿಕಾ ಸಾಕಾಗುತ್ತದೆ.

ಮೊದಲು ಗಾಳಿ ಅಳೆಯಿರಿ

ಕೆಲವು ನೂರು ರೂಪಾಯಿಗೆ ಸಿಗುವ ಡಿಜಿಟಲ್ ಹೈಗ್ರೋಮೀಟರ್ ಒಂದನ್ನು ತನ್ನಿ. ಉಷ್ಣಾಂಶ, ತೇವಾಂಶ ಎರಡನ್ನೂ ತೋರಿಸುತ್ತದೆ. ಅಗ್ಗದ ಯಂತ್ರಗಳು ಐದಾರು ಅಂಕ ಹಿಂದೆ ಮುಂದೆ ತೋರಿಸುವುದುಂಟು, ಹಾಗಾಗಿ ಒಮ್ಮೆ ಪರೀಕ್ಷಿಸಿಕೊಳ್ಳಿ. ಬಾಟಲಿಯ ಮುಚ್ಚಳದಲ್ಲಿ ಎರಡು ಚಮಚ ಉಪ್ಪು ಹಾಕಿ, ಕೆಲವೇ ಹನಿ ನೀರು ಬಿಟ್ಟು ಒದ್ದೆ ಮರಳಿನ ಹದಕ್ಕೆ ತನ್ನಿ. ಉಪ್ಪು ಪೂರ್ತಿ ಕರಗಬಾರದು. ಗಾಳಿಯಾಡದ ಡಬ್ಬಿಯಲ್ಲಿ ಅದನ್ನೂ ಯಂತ್ರವನ್ನೂ ಜೊತೆಗಿಟ್ಟು ಎಂಟು ಗಂಟೆ ಬಿಡಿ. ಆಗ ಯಂತ್ರ ಶೇ. 75 ತೋರಿಸಬೇಕು. 80 ತೋರಿಸಿದರೆ ಅದು 5 ಹೆಚ್ಚು ಹೇಳುತ್ತಿದೆ ಎಂದು ಯಂತ್ರದ ಬೆನ್ನಿಗೆ ಬರೆದು ಅಂಟಿಸಿ.

ನೆನಪಿಡಬೇಕಾದ ಅಂಕಿ ಎರಡು. ಶೇ. 65ರ ಮೇಲೆ ದಿನಗಟ್ಟಲೆ ನಿಂತರೆ ಬೂಷ್ಟಿಗೆ ದಾರಿಯಾಗುತ್ತದೆ. ಶೇ. 45ರಿಂದ 55 ಇದ್ದರೆ ಕಾಗದಕ್ಕೆ ಹಿತ. ಯಂತ್ರವನ್ನು ಕೋಣೆಯ ನಡುವೆ ಇಡಬೇಡಿ, ಕಪಾಟಿನ ಕೆಳಗಿನ ಅಂಕಣದಲ್ಲಿ ಪುಸ್ತಕದ ಹಿಂದೆ ಇಡಿ. ಕೋಣೆಯಲ್ಲಿ 68 ಇದ್ದಾಗ ಅಲ್ಲಿ 78 ಇರುವುದು ಸಾಮಾನ್ಯ. ಹಾಳಾಗುವುದು ಶುರುವಾಗುವುದೂ ಅಲ್ಲಿಂದಲೇ.

ಯಾವುದು ಹೊರಗೆ, ಯಾವುದು ಡಬ್ಬಿಗೆ

ಇಲ್ಲಿ ನಿಮ್ಮ ರುಚಿಯ ಮಾತು ಬರುತ್ತದೆ. ಪುಸ್ತಕದ ಆರೈಕೆ ಬರೆಯುವವರು ಹೆಚ್ಚಾಗಿ ಇದನ್ನು ಬಿಟ್ಟುಬಿಡುತ್ತಾರೆ. ಮಳೆಗಾಲದಲ್ಲಿ ತೆರೆದ ಕಪಾಟಿನಲ್ಲಿದ್ದೂ ಉಳಿಯುವ ಪುಸ್ತಕ ಯಾವುದೆಂದರೆ ವಾರಕ್ಕೊಮ್ಮೆಯಾದರೂ ಕೈಗೆ ಬರುವ ಪುಸ್ತಕ. ತೆಗೆದು ಹಾಳೆ ತಿರುಗಿಸಿದಾಗ ಒಳಗಿನ ಗಾಳಿ ಬದಲಾಗುತ್ತದೆ, ಬೂಷ್ಟಿನ ಮೊದಲ ಚುಕ್ಕೆ ಕಣ್ಣಿಗೆ ಬೀಳುತ್ತದೆ, ಹುಳುವಿಗೆ ನೆಮ್ಮದಿ ಇರುವುದಿಲ್ಲ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಜವಾಗಿ ಓದುವಷ್ಟೇ ಹೊರಗಿರಲಿ. ಉಳಿದದ್ದು ಎಷ್ಟೇ ಪ್ರೀತಿಯದಾಗಿದ್ದರೂ ಡಬ್ಬಿಯೊಳಗೆ ಹೋಗಲಿ.

ಎಷ್ಟು ಓದುತ್ತೀರಿ ಎಂಬುದನ್ನು ಆಸೆಯಿಂದ ಅಳೆಯಬೇಡಿ, ಲೆಕ್ಕ ಹಾಕಿ. ನಾಲ್ಕು ತಿಂಗಳೆಂದರೆ 120 ದಿನ. ದಿನಕ್ಕೆ 30 ಪುಟದ ಓದಾದರೆ 300 ಪುಟದ ಕಾದಂಬರಿಗೆ ಹತ್ತು ದಿನ, ಅಂದರೆ ಇಡೀ ಮಳೆಗಾಲಕ್ಕೆ ಹನ್ನೆರಡು. ಅದರಲ್ಲಿ ನಾಲ್ಕನ್ನು ತೆಗೆದು ಅವುಗಳ ಜಾಗದಲ್ಲಿ ಕತೆ, ಪ್ರಬಂಧ, ಕವಿತೆಯ ತೆಳು ಪುಸ್ತಕ ಒಂದು ಎಂಟು ಇಡಿ. ಕಾಮಿಕ್ಸ್ ಆದರೆ 32 ಪುಟದ್ದಕ್ಕೆ ಅರ್ಧ ಗಂಟೆ, ನಲವತ್ತು ಪ್ರತಿ ಇದ್ದರೆ ಧಾರಾಳ. ಕರೆಂಟು ಹೋಗಿ ಮೂರು ದಿನ ಬಾರದಿರುವುದು ಮಲೆನಾಡಿನಲ್ಲಿ ಹೊಸದಲ್ಲವಲ್ಲ, ಮಂದ ಬೆಳಕಿಗೆ ದೊಡ್ಡ ಅಕ್ಷರದ ಪುಸ್ತಕ ಐದಾರು ಇರಲೇಬೇಕು. ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳಲು ಬರುವ ಪುಸ್ತಕವೂ ಎರಡಿರಲಿ.

ಆರಿಸುವ ರೀತಿ ಹೀಗೆ. ಎಲ್ಲ ಪುಸ್ತಕವನ್ನೂ ನೆಲಕ್ಕೆ ಇಳಿಸಿ. ಒಂದೊಂದನ್ನೇ ಕೈಗೆತ್ತಿಕೊಂಡು ನಡುವೆ ಎಲ್ಲಾದರೂ ತೆರೆದು ಎರಡು ಪುಟ ಓದಿ. ಮೂರನೆಯ ಪುಟ ತಿರುಗಿಸುವ ಮನಸ್ಸು ತಾನಾಗಿ ಬಂದರೆ ಅದು ಮರು ಓದಿನ ಗುಡ್ಡೆಗೆ. ಓದುವ ಮನಸ್ಸಿಲ್ಲ, ಆದರೆ ಕೊಡಲೂ ಮನಸ್ಸಿಲ್ಲ ಎಂದರೆ ಕಾಪಿಡುವ ಗುಡ್ಡೆಗೆ. ಎರಡೂ ಅಲ್ಲದ್ದು ಮೂರನೆಯದಕ್ಕೆ. ಅದನ್ನು ಶಾಲೆಗೋ ಊರಿನ ಗ್ರಂಥಾಲಯಕ್ಕೋ ಈಗಲೇ ದಾಟಿಸಿ, ಬೂಷ್ಟು ಹಿಡಿದ ಮೇಲೆ ಯಾರೂ ತೆಗೆದುಕೊಳ್ಳುವುದಿಲ್ಲ. ಒಬ್ಬರಿಗೆ ದಿನಕ್ಕೆ ಅರವತ್ತು ಪುಸ್ತಕಕ್ಕಿಂತ ಹೆಚ್ಚು ನೋಡಲಾಗುವುದಿಲ್ಲ. ಅದಾದ ಮೇಲೆ ಎಲ್ಲವೂ ಬೇಕು ಅನ್ನಿಸುತ್ತದೆ, ಇಲ್ಲವೇ ಯಾವುದೂ ಬೇಡ ಅನ್ನಿಸುತ್ತದೆ.

ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಓದಿದ ತಿಂಗಳು, ವರ್ಷವನ್ನು 2ಬಿ ಪೆನ್ಸಿಲಿನಲ್ಲಿ ಸಣ್ಣದಾಗಿ ಬರೆಯುವ ಅಭ್ಯಾಸ ಮಾಡಿಕೊಳ್ಳಿ. ಐದು ವರ್ಷದಲ್ಲಿ ಯಾವುದಕ್ಕೆ ಮೂರು ತಾರೀಖು ಬಿದ್ದಿದೆ, ಯಾವುದಕ್ಕೆ ಒಂದೂ ಇಲ್ಲ ಎಂಬುದು ಅಲ್ಲೇ ಕಾಣುತ್ತದೆ. ಬಾಲ್‌ಪೆನ್ ಬೇಡ. ಅದರ ಶಾಯಿ ವರ್ಷ ಕಳೆದಂತೆ ಹಿಂದಿನ ಪುಟಕ್ಕೂ ಇಳಿಯಬಹುದು.

ಕಾಮಿಕ್ಸ್ ನೋಡುವ ಕಣ್ಣು

ಕಾಮಿಕ್ಸನ್ನು ಹಳೆಯದೆಂಬ ಒಂದೇ ಕಾರಣಕ್ಕೆ ಕೂಡಿಡುವವರಿದ್ದಾರೆ. ಹಳೆಯದೆಲ್ಲ ಚೆನ್ನಾಗಿರುವುದಿಲ್ಲ. ಕನ್ನಡದ ಕಾಮಿಕ್ಸ್ ಕೈಗೆ ಬಂದಾಗ ಮೊದಲು ಮಾತಿನ ಗುಳ್ಳೆ ನೋಡಿ. ಬೇರೆ ಭಾಷೆಯಿಂದ ಬಂದ ಚಿತ್ರಕತೆಯಲ್ಲಿ ಗುಳ್ಳೆಯ ಅಳತೆ ಆ ಭಾಷೆಯ ಅಕ್ಷರಕ್ಕೆ ತಕ್ಕಂತೆ ಇರುತ್ತದೆ. ನಮ್ಮ ಅಕ್ಷರಕ್ಕೆ ಕೆಳಗೆ ಒತ್ತು ಇಳಿಯಲು ಜಾಗ ಬೇಕು, ಮೇಲೆ ಗುಡಿಸು, ತಲೆಕಟ್ಟಿಗೂ ಜಾಗ ಬೇಕು. ಅಷ್ಟು ಜಾಗ ಇಲ್ಲದ ಕಡೆ ಸಾಲಿನ ಮೇಲೆ ಸಾಲು ಹತ್ತಿ, ‘ಸ್ತ್ರ’, ‘ಕ್ಷ್ಮ’ದಂಥ ಅಕ್ಷರ ಬಂದಲ್ಲಿ ಕೆಳಗಿನ ಸಾಲಿಗೆ ತಾಗಿಬಿಡುತ್ತದೆ. ಒಳ್ಳೆಯ ಕೈಬರಹಗಾರ ಇದ್ದ ಪ್ರತಿಯಲ್ಲಿ ಮಾತನ್ನೇ ಚಿಕ್ಕದು ಮಾಡಿ, ಗುಳ್ಳೆಯ ಸುತ್ತ ಬಿಳಿ ಅಂಚು ಉಳಿಸಿರುತ್ತಾರೆ. ಅಂಥ ಪ್ರತಿ ಸಿಕ್ಕರೆ ಬಿಡಬೇಡಿ.

ಆಮೇಲೆ ಕನ್ನಡ ನೋಡಿ. ಒಂದು ಪುಟದ ಮಾತನ್ನು ಬಾಯಿಬಿಟ್ಟು ಓದಿ. ಜಗಳವಾಡುವವನು ಜಗಳದ ಕನ್ನಡ ಆಡಬೇಕು, ಮುದುಕಿ ಮುದುಕಿಯ ಹಾಗೆ ಮಾತಾಡಬೇಕು. ಗುಳ್ಳೆಯೊಳಗೆ ಎಲ್ಲರೂ ಭಾಷಣದ ಕನ್ನಡ ಆಡಿದರೆ ಚಿತ್ರ ಎಷ್ಟೇ ಚೆಂದವಿದ್ದರೂ ಎರಡನೆಯ ಓದಿಗೆ ಬರುವುದಿಲ್ಲ. ಕೊನೆಗೆ ಗೆರೆ ಮತ್ತು ಬಣ್ಣ. ಹಳೆಯ ಮುದ್ರಣದಲ್ಲಿ ನಾಲ್ಕು ಬಣ್ಣವನ್ನು ಒಂದರ ಮೇಲೊಂದು ಒತ್ತುವಾಗ ಕೂದಲೆಳೆಯಷ್ಟು ಸರಿದರೂ ತುಟಿಯ ಕೆಂಪು ಕೆನ್ನೆಗೆ ಬರುತ್ತದೆ. ಒಂದೆರಡು ಪುಟದಲ್ಲಿದ್ದರೆ ಪರವಾಗಿಲ್ಲ, ಪ್ರತಿ ಪುಟದಲ್ಲೂ ಇದ್ದರೆ ಆ ಪ್ರತಿಯನ್ನು ಬಿಟ್ಟು ಬೇರೆ ಪ್ರತಿ ಹುಡುಕಿ.

ಗುಜರಿ ಅಂಗಡಿಯ ರಾಶಿಯಲ್ಲಿ, ಸಂತೆಯಲ್ಲಿ, ಅಜ್ಜನ ಮನೆಯ ಅಟ್ಟದಲ್ಲಿ ಇವು ಈಗಲೂ ಸಿಗುತ್ತವೆ. ಸಿಕ್ಕಾಗ ಮೌಲ್ಯ ತಿಳಿದಿರಲಿ. ಅಮರ ಚಿತ್ರ ಕಥೆ ಮಾಲೆ ಅನಂತ್ ಪೈ ಅವರ ಹೆಸರಿನೊಂದಿಗೆ 1967ರಿಂದ ಪ್ರಸಿದ್ಧ. ಆದರೆ ಆ ಹೆಸರಿನ ಮೊದಲ ಪುಸ್ತಕಗಳು 1965ರಲ್ಲಿ ಬಂದದ್ದು ಕನ್ನಡದಲ್ಲಿ, ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ. ಮೊದಲ ಹತ್ತು ಸಂಖ್ಯೆಗಳು ಪಶ್ಚಿಮದ ಜನಪ್ರಿಯ ಮಕ್ಕಳ ಕತೆಗಳು, ಕೃಷ್ಣನ ಕತೆ ಹನ್ನೊಂದನೆಯದು. ಆ ಕಾಲದ ಕನ್ನಡ ಪ್ರತಿ ಹರಿದಿದ್ದರೂ ರದ್ದಿಗೆ ಹಾಕಬಾರದು. ಕನ್ನಡ ಚಂದಮಾಮ ಶುರುವಾದದ್ದು 1949ರ ಜುಲೈನಲ್ಲಿ, ಅದರ ಧಾರಾವಾಹಿ ಬಿಡಿ ಸಂಚಿಕೆಯಲ್ಲಿ ಅರ್ಧ ಸಿಕ್ಕರೆ ಓದಿನ ಸುಖ ಇಲ್ಲ. ಆದ್ದರಿಂದ ಸತತ ಹನ್ನೆರಡು ತಿಂಗಳು ಸೇರುವ ಹಾಗೆ ಕೂಡಿಸಿ. 1964ರಲ್ಲಿ ಶುರುವಾದ ಇಂದ್ರಜಾಲ ಕಾಮಿಕ್ಸ್ 1990ರಲ್ಲಿ ನಿಂತಿತು. ಬಾಲಮಂಗಳ ಪತ್ರಿಕೆಯ ಡಿಂಗನನ್ನು ಓದಿ ಬೆಳೆದವರು ಇನ್ನೂ ನಡುವಯಸ್ಸಿನವರು. ಅವರ ಮನೆಯಲ್ಲಿ ಒಂದು ಕಟ್ಟು ಇದ್ದೇ ಇರುತ್ತದೆ, ಕೇಳಿ ನೋಡಿ.

ಕೊಳ್ಳುವ ಮುಂಚೆ ನಡುವಿನ ಹಾಳೆ ಇದೆಯೇ ನೋಡಿ, ಮೊದಲು ಕಳಚಿಹೋಗುವುದು ಅದೇ. ಬಣ್ಣ ತುಂಬುವ ಪುಟ, ಚುಕ್ಕೆ ಸೇರಿಸುವ ಪುಟವನ್ನು ಮಕ್ಕಳು ಕತ್ತರಿಸಿದ್ದರೆ ಅದರ ಹಿಂದಿನ ಕತೆಯೂ ಹೋಗಿರುತ್ತದೆ. ಪುಟಸಂಖ್ಯೆ ಎಣಿಸಿ. ಮೂಸಿ ನೋಡಿ. ಹಳೆ ಕಾಗದದ ಒಣ ವಾಸನೆ ಬೇರೆ, ಮುಗ್ಗಲು ಬೇರೆ. ಮುಗ್ಗಲು ವಾಸನೆಯದನ್ನು ತಂದರೂ ಮನೆಯ ಉಳಿದ ಪುಸ್ತಕದ ಹತ್ತಿರ ಎರಡು ವಾರ ಇಡಬೇಡಿ.

ಒಣಗಿಸುವುದು

ಬೆಳಿಗ್ಗೆ ಹನ್ನೊಂದರ ಮೇಲೆ, ಹೈಗ್ರೋಮೀಟರ್ ಶೇ. 50ರ ಕೆಳಗೆ ಇಳಿದ ಮೇಲೆ ಶುರು ಮಾಡಿ. ಜಗಲಿಯ ನೆರಳಿನಲ್ಲಿ ಹಳೆ ಪಂಚೆ ಹಾಸಿ, ಪುಸ್ತಕವನ್ನು ಬೀಸಣಿಗೆಯ ಹಾಗೆ ಬಿಡಿಸಿ ನಿಲ್ಲಿಸಿ. ಒಂದೊಂದು ಗಂಟೆಗೆ ತಲೆಕೆಳಗೆ ಮಾಡಿ. ಸಂಜೆ ನಾಲ್ಕಕ್ಕೆ ಮುಂಚೆ ಮನೆಯೊಳಗೆ ತನ್ನಿ, ಸಂಜೆಯ ಥಂಡಿ ಗಾಳಿ ಬಿದ್ದರೆ ಹಗಲಿನ ಶ್ರಮ ವ್ಯರ್ಥ. ತೆಳು ಕಾಮಿಕ್ಸಿಗೆ ಒಂದು ದಿನ, ರಟ್ಟಿನ ಬೈಂಡಿನ ದಪ್ಪ ಪುಸ್ತಕಕ್ಕೆ ಮೂರು ದಿನ ಬೇಕು. ಅಡುಗೆಮನೆಯ ತಕ್ಕಡಿ ಇದ್ದರೆ ತೂಗಿ ನೋಡಿ. ಎರಡು ದಿನ ಸತತವಾಗಿ ತೂಕ ಇಳಿಯದಿದ್ದರೆ ಒಣಗಿದೆ ಎಂದರ್ಥ.

ಬಿಸಿಲಿಗೆ ಹಾಕಬಾರದು, ಮುಖ್ಯವಾಗಿ ಕಾಮಿಕ್ಸನ್ನು. ಬಿಸಿಲಿಗೆ ಮೊದಲು ಸಾಯುವುದು ಕೆಂಪು ಮತ್ತು ಹಳದಿ. ಅಂಗಡಿಯ ಕಿಟಕಿಯಲ್ಲಿ ವರ್ಷಗಟ್ಟಲೆ ನೇತಾಡಿದ ಮುಖಪುಟ ನೀಲಿಯಾಗಿ ಕಾಣುವುದು ಇದಕ್ಕೇ. ಹಳೆ ಕಾಮಿಕ್ಸಿನ ಅಗ್ಗದ ಕಾಗದದಲ್ಲಿ ಮರದ ಲಿಗ್ನಿನ್ ಉಳಿದಿರುತ್ತದೆ, ಬೆಳಕಿಗೆ ಅದು ಕಂದಾಗಿ ಹಾಳೆ ಸಂಡಿಗೆಯ ಹಾಗೆ ಮುರಿಯುತ್ತದೆ.

ಒಣಗಿದ ಮೇಲೆ ಧೂಳು ತೆಗೆಯಲು ಮೆತ್ತನೆಯ, ಎರಡು ಇಂಚು ಅಗಲದ ಪೇಂಟ್ ಬ್ರಷ್ ಸಾಕು. ಪುಸ್ತಕ ಮುಚ್ಚಿ ಬಿಗಿಯಾಗಿ ಹಿಡಿದು ಮೇಲಿನ ಅಂಚನ್ನು ಬೆನ್ನಿನ ಕಡೆಯಿಂದ ಹೊರಕ್ಕೆ ಸವರಿ. ಹಿಂದೆ ಮುಂದೆ ಉಜ್ಜಿದರೆ ಧೂಳು ಹಾಳೆಯ ಒಳಗೇ ಸೇರುತ್ತದೆ. ಒಣಗಿದ ಬೂಷ್ಟು ಇದ್ದರೆ ಮನೆಯಿಂದ ಹೊರಗೆ, ಗಾಳಿ ನಿಮ್ಮ ಬೆನ್ನಿಗೆ ಬೀಸುವ ಹಾಗೆ ಕೂತು, ಮೂಗಿಗೆ ಎನ್95 ಮಾಸ್ಕ್ ಹಾಕಿಕೊಂಡೇ ಮಾಡಿ. ಆಸ್ತಮಾ ಇದ್ದವರು ಈ ಕೆಲಸವನ್ನು ಬೇರೆಯವರಿಗೆ ಬಿಡಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬೂಷ್ಟು ಕಾಗದದ ನಾರಿನೊಳಗೆ ಇಳಿದು ಕಲೆ ಕೂರುತ್ತದೆ.

ಪಿನ್ನು ತೆಗೆದು ದಾರ ಹಾಕುವುದು

ಕಾಮಿಕ್ಸನ್ನು ಒಳಗಿನಿಂದ ತಿನ್ನುವುದು ಅದರ ಎರಡು ಪಿನ್ನು. ತುಕ್ಕು ಹಿಡಿದ ಪಿನ್ನಿನ ಸುತ್ತ ಮೊದಲು ಕಿತ್ತಳೆ ಬಣ್ಣದ ಸಣ್ಣ ಉಂಗುರ ಮೂಡುತ್ತದೆ, ಆಮೇಲೆ ಅಲ್ಲಿನ ಕಾಗದ ಪುಡಿಯಾಗಿ ತೂತು ದೊಡ್ಡದಾಗಿ, ನಡುವಿನ ಹಾಳೆ ಉದುರುತ್ತದೆ. ಉಂಗುರ ಕಂಡ ಕೂಡಲೇ ಪಿನ್ನು ತೆಗೆಯಬೇಕು. ಪಿನ್ನು ಕೀಳುವ ಹಲ್ಲಿನ ಯಂತ್ರ ಬೇಡ, ಅದು ಬೆನ್ನನ್ನು ಹರಿಯುತ್ತದೆ.

ನಡುವಿನ ಪುಟ ತೆರೆದು ಮೇಜಿನ ಮೇಲೆ ಮಟ್ಟಸವಾಗಿ ಇಡಿ. ಮಡಚಿರುವ ಪಿನ್ನಿನ ಕಾಲಿನ ಕೆಳಗೆ ಪೋಸ್ಟ್‌ಕಾರ್ಡಿನ ಒಂದು ತುಂಡು ತೂರಿಸಿ, ಕಾಗದಕ್ಕೆ ಗೀರು ಬೀಳದ ಹಾಗೆ. ಮೊಂಡು ಚಾಕುವಿನ ತುದಿಯನ್ನು ಆ ತುಂಡಿನ ಮೇಲೆ ಒರಗಿಸಿ ಕಾಲನ್ನು ಎಬ್ಬಿಸಿ, ನೇರ ನಿಲ್ಲಿಸಿ. ಎರಡೂ ಕಾಲು ನಿಂತ ಮೇಲೆ ಪುಸ್ತಕ ತಿರುಗಿಸಿ ಬೆನ್ನಿನ ಕಡೆಯಿಂದ ಪಿನ್ನನ್ನು ಮೆಲ್ಲಗೆ ಎಳೆಯಿರಿ. ತುಕ್ಕು ಹಿಡಿದ ಕಾಲು ಮುರಿದರೆ ಇಕ್ಕಳದಲ್ಲಿ ತುಂಡನ್ನು ಬೇರೆಯಾಗಿ ತೆಗೆಯಿರಿ, ಒಳಗೆ ಬಿಡಬೇಡಿ. ಉಳಿದ ಪುಡಿಯನ್ನು ಒಣ ಬ್ರಷ್ಷಿನಲ್ಲಿ ಉದುರಿಸಿ.

ಈಗ ದಾರ. ಟೈಲರ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಬಿಳಿ ಹತ್ತಿ ದಾರವನ್ನು ಎರಡೆಳೆ ಮಾಡಿ. ನೈಲಾನ್ ದಾರ ಗಟ್ಟಿ, ಆದರೆ ಕಾಗದವನ್ನು ತಂತಿಯ ಹಾಗೆ ಕುಯ್ಯುತ್ತದೆ. 24 ಸೆಂಟಿಮೀಟರ್ ಎತ್ತರದ ಪುಸ್ತಕಕ್ಕೆ 60 ಸೆಂಟಿಮೀಟರ್ ದಾರ ಬೇಕು. ಹಳೆ ಪಿನ್ನಿನ ತೂತುಗಳ ಪೈಕಿ ಮೇಲಿನದು ಒಂದು, ಕೆಳಗಿನದು ಒಂದು ಉಪಯೋಗಿಸಿ. ನಡುವೆ ಸರಿಯಾಗಿ ಮಡಿಕೆಯ ಮೇಲೆ ಸೂಜಿಯಿಂದ ಹೊಸದೊಂದು ತೂತು ಮಾಡಿ. ಒಳಗಿನಿಂದ ಹೊರಕ್ಕೆ ನಡುವಿನ ತೂತಿನಲ್ಲಿ ಸೂಜಿ ಹಾಯಿಸಿ, ಹತ್ತು ಸೆಂಟಿಮೀಟರ್ ಬಾಲ ಒಳಗೇ ಉಳಿಸಿ. ಹೊರಗಿನಿಂದ ಮೇಲಿನ ತೂತಿಗೆ ಬಂದು ಒಳಗೆ ಇಳಿಯಿರಿ. ಒಳಗಡೆ ನಡುವಿನ ತೂತನ್ನು ದಾಟಿ ನೇರ ಕೆಳಗಿನ ತೂತಿಗೆ ಹೋಗಿ ಹೊರಗೆ ಬನ್ನಿ. ಮತ್ತೆ ಹೊರಗಿನಿಂದ ನಡುವಿನ ತೂತಿನೊಳಕ್ಕೆ. ಈಗ ಎರಡು ಬಾಲಗಳು ಒಳಗಿನ ಉದ್ದ ಹೊಲಿಗೆಯ ಎಡಕ್ಕೊಂದು ಬಲಕ್ಕೊಂದು ಇರಬೇಕು. ಎರಡೂ ಒಂದೇ ಪಕ್ಕಕ್ಕೆ ಬಂದಿದ್ದರೆ ಒಂದನ್ನು ಉದ್ದ ಹೊಲಿಗೆಯ ಅಡಿಯಿಂದ ದಾಟಿಸಿ. ದಾರವನ್ನು ಬೆನ್ನಿಗೆ ಸಮಾನಾಂತರವಾಗಿ ಎಳೆದು ಬಿಗಿ ಮಾಡಿ, ಉದ್ದ ಹೊಲಿಗೆಯ ಮೇಲೆ ಎರಡು ಗಂಟು ಹಾಕಿ, ಒಂದು ಸೆಂಟಿಮೀಟರ್ ಬಿಟ್ಟು ಕತ್ತರಿಸಿ. ಮೇಲ್ಮುಖವಾಗಿ ಎಳೆದರೆ ತೂತು ಸೀಳುತ್ತದೆ. ಹೊಸಬರು ತಪ್ಪುವುದು ಹೆಚ್ಚಾಗಿ ಇಲ್ಲೇ. ಮೊದಲ ಸಲ ಬೆಲೆಯಿಲ್ಲದ ಹಳೆ ಪತ್ರಿಕೆಯ ಮೇಲೆ ಕೈ ಪಳಗಿಸಿಕೊಳ್ಳಿ. ಮೂರನೆಯದಕ್ಕೆ ಹತ್ತು ನಿಮಿಷ ಸಾಕಾಗುತ್ತದೆ.

ಹೊದಿಕೆ

ದಿನಪತ್ರಿಕೆಯ ರಟ್ಟು ಹಾಕುವ ರೂಢಿ ಬಿಡಿ. ಅದರ ಕಾಗದದ ಆಮ್ಲ ಮುಖಪುಟಕ್ಕೆ ಇಳಿದು ಕಂದು ಮಾಡುತ್ತದೆ, ಶಾಯಿಯೂ ಅಂಟುತ್ತದೆ. ಸೆಲ್ಲೋಟೇಪು ಅದಕ್ಕಿಂತ ಕೆಟ್ಟದ್ದು. ಕೆಲವು ವರ್ಷದಲ್ಲಿ ಪ್ಲಾಸ್ಟಿಕ್ ಕಳಚಿ ಬಿದ್ದು, ಕಂದು ಗೋಂದು ಮಾತ್ರ ಕಾಗದದಲ್ಲಿ ಉಳಿಯುತ್ತದೆ, ಅದನ್ನು ಮನೆಯಲ್ಲಿ ತೆಗೆಯಲು ಬರುವುದಿಲ್ಲ. ಲ್ಯಾಮಿನೇಷನ್ ಮಾಡಿಸುವವರಿಗೆ ಒಂದು ಮಾತು: ಆ ಬಿಸಿ ಗೋಂದು ಮತ್ತೆ ಬಿಡುವುದಿಲ್ಲ. ಹರಿದಲ್ಲಿ ಮೈದಾದ ತೆಳು ಅಂಟಿನಲ್ಲಿ ತೆಳು ಬಿಳಿ ಕಾಗದದ ಪಟ್ಟಿ ಹಚ್ಚಿ, ಮೇಲೆ ಭಾರ ಇಟ್ಟು ಒಂದು ರಾತ್ರಿ ಬಿಡಿ. ಅಂಟು ಪಾಯಸದಷ್ಟು ಮಾತ್ರ ಗಟ್ಟಿಯಿರಲಿ. ಹೆಚ್ಚು ಹಚ್ಚಿದರೆ ಜಿರಲೆಗೆ, ಬೆಳ್ಳಿಹುಳುವಿಗೆ ಊಟ ಬಡಿಸಿದ ಹಾಗೆ.

ಕಾಮಿಕ್ಸಿಗೆ ಕವರು ಬೇಕೆಂದರೆ ಹೊಸ ಅಂಗಿ ಬರುವ, ಕೈಯಲ್ಲಿ ಹಿಸುಕಿದರೆ ಚರಚರ ಸದ್ದಾಗುವ ಪಾಲಿಪ್ರೊಪಿಲೀನ್ ಕವರು ಒಳ್ಳೆಯದು. ಮೆತ್ತಗೆ ಬಗ್ಗುವ, ರೆಕ್ಸಿನ್ ವಾಸನೆ ಹೊಡೆಯುವ ಪಿವಿಸಿ ಬೇಡ, ಅದು ಮುಖಪುಟಕ್ಕೆ ಅಂಟಿಕೊಂಡು ಬಣ್ಣ ಎತ್ತುತ್ತದೆ. ಪುಸ್ತಕದ ಅಳತೆಗಿಂತ ಒಂದೊಂದು ಸೆಂಟಿಮೀಟರ್ ದೊಡ್ಡದಿರಲಿ. ಬಾಯಿ ಅಂಟಿಸಬೇಡಿ, ಮಡಚಿ ಬಿಡಿ. ಬೆನ್ನಿಗೆ ಬೂದುಬಣ್ಣದ ರಟ್ಟು ಕೊಡಬೇಡಿ, ಬಿಳಿಯ ದಪ್ಪ ಡ್ರಾಯಿಂಗ್ ಹಾಳೆ ಸಾಕು.

ಡಬ್ಬಿ

ರಬ್ಬರ್ ಅಂಚಿನ ಮುಚ್ಚಳ, ನಾಲ್ಕು ಕಡೆ ಕೊಕ್ಕೆ ಇರುವ ಪ್ಲಾಸ್ಟಿಕ್ ಡಬ್ಬಿ ಬೇಕು. 20 ಲೀಟರಿನದಾದರೆ ತುಂಬಿದಾಗಲೂ ಒಬ್ಬರು ಎತ್ತಬಹುದು. ಕೊಳ್ಳುವಾಗ ಒಳಗೆ ಒಣ ಟಿಶ್ಯೂ ಕಾಗದ ಹಾಕಿ ಮುಚ್ಚಿ, ಮೇಲೆ ಒಂದು ತಂಬಿಗೆ ನೀರು ಸುರಿದು ನೋಡಿ.

20 ಲೀಟರ್ ಡಬ್ಬಿಗೆ 200 ಗ್ರಾಂ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಹಾಕಿ. ತೇವ ಹೀರಿದಾಗ ಹಸಿರಾಗುತ್ತದೆ. ನೀಲಿಯಿಂದ ಗುಲಾಬಿಗೆ ತಿರುಗುವ ಇನ್ನೊಂದು ಬಗೆಯಲ್ಲಿ ಕೋಬಾಲ್ಟ್ ಲವಣ ಇರುತ್ತದೆ, ಮಕ್ಕಳಿರುವ ಮನೆಗೆ ಬೇಡ. ತೆಳು ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ ಪುಸ್ತಕಕ್ಕೆ ತಾಗದ ಮೂಲೆಯಲ್ಲಿಡಿ, ಒಂದು ಹರಳು ಹೊರಗಿನಿಂದ ಕಾಣುವ ಹಾಗೆ. ಹಸಿರಾದ ಜೆಲ್ಲನ್ನು ಓವನ್‌ನಲ್ಲಿ 110–120 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿದರೆ ಮತ್ತೆ ಕಿತ್ತಳೆಯಾಗುತ್ತದೆ. ಅಡುಗೆಯ ಪಾತ್ರೆ ಬಳಸಬೇಡಿ. ಪೂರ್ತಿ ಆರುವ ಮೊದಲೇ, ಉಗುರುಬೆಚ್ಚಗಿರುವಾಗ ಮುಚ್ಚಿದ ಬಾಟಲಿಗೆ ಹಾಕಿ, ಬಯಲಲ್ಲಿ ಆರಲು ಬಿಟ್ಟರೆ ಅಷ್ಟರಲ್ಲೇ ಮತ್ತೆ ತೇವ ಹೀರುತ್ತದೆ.

ಕಾಮಿಕ್ಸನ್ನು ಡಬ್ಬಿಯಲ್ಲಿ ನಿಲ್ಲಿಸಿ, ಬಿಗಿಯಾಗಿ ತುರುಕಬೇಡಿ. ಒಂದು ಬೆರಳು ಆಡುವಷ್ಟು ಸಡಿಲ ಇರಲಿ. ಅಂಗಾತ ಪೇರಿಸುವುದಾದರೆ ಇಪ್ಪತ್ತಕ್ಕಿಂತ ಹೆಚ್ಚು ಬೇಡ. ಯಾವ ಡಬ್ಬಿಯಲ್ಲಿ ಏನಿದೆ ಎಂಬ ಪಟ್ಟಿ ಮುಚ್ಚಳದ ಮೇಲಿರಲಿ. ಪಟ್ಟಿ ಇಲ್ಲದಿದ್ದರೆ ಜುಲೈ ತಿಂಗಳ ಮಧ್ಯದಲ್ಲಿ ಒಂದು ಪುಸ್ತಕಕ್ಕಾಗಿ ನಾಲ್ಕು ಡಬ್ಬಿ ತೆರೆಯಬೇಕಾಗುತ್ತದೆ. ಒಂದೊಂದು ಸಲ ತೆರೆದಾಗಲೂ ಒದ್ದೆ ಗಾಳಿ ಒಳಗೆ ಹೋಗುತ್ತದೆ.

ನುಸಿಗುಳಿಗೆ ಬೂಷ್ಟನ್ನು ತಡೆಯುವುದಿಲ್ಲ. ಅದರ ಹಬೆ ಕೆಲವು ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ, ಚಿಕ್ಕ ಮಕ್ಕಳಿಗೂ ಒಳ್ಳೆಯದಲ್ಲ. ಓಲೆಗರಿ ಕಾಯುತ್ತಿದ್ದ ಹಳಬರು ಹುಳು ಬಾರದಂತೆ ಬಜೆ ಬೇರನ್ನು ಬಟ್ಟೆಯಲ್ಲಿ ಕಟ್ಟಿಡುತ್ತಿದ್ದರು. ತೆರೆದ ಕಪಾಟಿಗೆ ಅದು ಈಗಲೂ ಆದೀತು, ಬೇರು ಗರಿಗರಿ ಒಣಗಿರಬೇಕು ಅಷ್ಟೆ. ಹಸಿ ಬೇವಿನ ಸೊಪ್ಪನ್ನು ಪುಸ್ತಕದ ನಡುವೆ ಇಟ್ಟರೆ ತೇವವನ್ನು ನೀವೇ ತಂದಿಟ್ಟಂತಾಯಿತು.

ಕಪಾಟು

ಹೊರಗೋಡೆಗೆ, ಅದರಲ್ಲೂ ಮುಂಗಾರು ಬಂದು ಬಡಿಯುವ ಪಡುವಣದ ಗೋಡೆಗೆ, ಕಪಾಟು ಆನಿಸಬೇಡಿ. ಒಳಗೋಡೆಗೆ ಇಟ್ಟರೂ ಮೂರು ಇಂಚು ಸಂದು, ನೆಲದಿಂದ ಆರು ಇಂಚು ಎತ್ತರ ಇರಲಿ. ಅಂಕಣದ ಮುಕ್ಕಾಲು ಭಾಗ ಮಾತ್ರ ತುಂಬಿ. ಕಬ್ಬಿಣದ ಬೀರು ರಾತ್ರಿ ಬೇಗ ತಣ್ಣಗಾಗಿ ಒಳಗೆ ಬೆವರುತ್ತದೆ, ಅದರ ಒಳಬದಿಗೆ ಪುಸ್ತಕ ತಾಗದಂತೆ ತೆಳು ಹಲಗೆ ಕೊಡಿ. ಇರುವೆಗೆಂದು ಕಾಲಿನ ಕೆಳಗೆ ನೀರಿನ ಬಟ್ಟಲು ಇಡುವುದು ತೇವವನ್ನು ಕರೆದಂತೆ. ಒಳಗೆ ಬಲ್ಬು ಉರಿಸಿ ಬೆಚ್ಚಗಿಡುವ ಹಳೆ ಉಪಾಯವೂ ಬೇಡ, ಕಾಗದದ ಪಕ್ಕ ಬಿಸಿ ಬಲ್ಬು ಅಪಾಯ. ಒಲೆಯ ಮೇಲಿನ ಅಟ್ಟ ಒಣಗಿರುವುದು ನಿಜ, ಆದರೆ ಹೊಗೆಯ ಜಿಡ್ಡು ಕೂತರೆ ಬಿಡುವುದಿಲ್ಲ. ಅಲ್ಲಿಡುವುದಾದರೆ ಮುಚ್ಚಿದ ಡಬ್ಬಿಯಲ್ಲೇ ಇಡಿ.

ಮಳೆ ಹಿಡಿದ ಮೇಲೆ

ವಾರಕ್ಕೊಮ್ಮೆ ಹೊರಗಿನ ಪುಸ್ತಕವನ್ನೆಲ್ಲ ತೆಗೆದು ಹಾಳೆ ಹಾರಿಸಿ. ಮಳೆ ಸುರಿಯುವಾಗ ಕಿಟಕಿ ಮುಚ್ಚಿ ಫ್ಯಾನ್ ಹಾಕಿ, ಹೊಳವಾದ ದಿನ ಮಧ್ಯಾಹ್ನ ಮಾತ್ರ ಕಿಟಕಿ ತೆರೆಯಿರಿ. ಒದ್ದೆ ಬಟ್ಟೆ ಒಣಹಾಕುವ ಕೋಣೆಯಲ್ಲಿ ಪುಸ್ತಕ ಇರಲೇಬಾರದು. ಹಾಳೆಯ ಮೇಲೆ ಸಾಸಿವೆಗಿಂತ ಚಿಕ್ಕ, ಬಿಳಿಚಿದ ಹುಳು ಓಡಿದರೆ ಅದು ಪುಸ್ತಕದ ಹೇನು. ಕಾಗದಕ್ಕಿಂತ ಬೂಷ್ಟನ್ನು ತಿನ್ನಲು ಬಂದಿರುತ್ತದೆ, ಅಂದರೆ ಅಲ್ಲಿ ತೇವ ಮಿತಿ ಮೀರಿದೆ. ಮುಖಪುಟ ಅಲ್ಲಲ್ಲಿ ಕೆರೆದಂತೆ ತೆಳುವಾಗಿದ್ದರೆ ಬೆಳ್ಳಿಹುಳು. ದುಂಡು ತೂತು, ಹಿಟ್ಟಿನಂಥ ಪುಡಿ ಇದ್ದರೆ ಕೊರೆಯುವ ಹುಳು. ಇದಕ್ಕೆ ಮದ್ದು ಸಿಂಪಡಿಸಬೇಡಿ. ಪುಸ್ತಕವನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ, −18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬೇಡಿ, ಬಿಚ್ಚಿದರೆ ತಣ್ಣನೆಯ ಕಾಗದದ ಮೇಲೆ ನೀರು ಕೂರುತ್ತದೆ.

ಹೆಂಚು ಸೋರಿ ಪುಸ್ತಕ ನೆನೆದರೆ ಕೈಯಲ್ಲಿರುವ ಸಮಯ ಎರಡು ದಿನ, ಅಷ್ಟರಲ್ಲಿ ಬೂಷ್ಟು ಶುರುವಾಗುತ್ತದೆ. ಹಿಂಡಬೇಡಿ, ಬಿಡಿಸಲು ಎಳೆಯಬೇಡಿ. ಸಾಧಾರಣ ಕಾಗದವಾದರೆ ಹತ್ತು ಹದಿನೈದು ಹಾಳೆಗೊಂದು ಬಿಳಿ ಟಿಶ್ಯೂ ಇಟ್ಟು, ಎರಡೆರಡು ಗಂಟೆಗೆ ಬದಲಿಸುತ್ತ, ಫ್ಯಾನಿನ ಗಾಳಿ ಓರೆಯಾಗಿ ತಾಗುವಂತೆ ನಿಲ್ಲಿಸಿ. ನುಣುಪು ಕಾಗದದ ಕಾಮಿಕ್ಸ್ ಮೊದಲು ನೋಡಿ. ಅದರ ಮೇಲಿನ ಲೇಪ ಒದ್ದೆಯಾದಾಗ ಅಂಟಾಗುತ್ತದೆ, ಹಾಳೆಗಳು ಕೂಡಿಕೊಂಡು ಒಣಗಿದರೆ ಮತ್ತೆ ಬಿಡಿಸಲಾಗದು. ಹಾಳೆ ಹಾಳೆಗೂ ಟಿಶ್ಯೂ ಹಾಕುವಷ್ಟು ಪುರುಸೊತ್ತಿಲ್ಲದಿದ್ದರೆ ಒದ್ದೆಯಿರುವಾಗಲೇ ಚೀಲದಲ್ಲಿ ಕಟ್ಟಿ ಫ್ರೀಜರಿಗೆ ಹಾಕಿ, ಮಳೆ ಹೊಳವಾದಾಗ ಒಂದೊಂದಾಗಿ ತೆಗೆದು ಒಣಗಿಸಬಹುದು.

ಅರಸೀಕೆರೆ, ಕಡೂರು ಕಡೆಯವರಿಗೆ

ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯ ಬಯಲುಸೀಮೆ ಭಾಗಕ್ಕೆ ಬೂಷ್ಟಿನ ಕಾಟ ಕಡಿಮೆ. ಅಲ್ಲಿ ಧೂಳು, ಬಿಸಿಲು, ಗೆದ್ದಲು. ಡಬ್ಬಿ ಅಗತ್ಯವಿಲ್ಲ, ಗಾಜಿನ ಬಾಗಿಲಿನ ಕಪಾಟು ಸಾಕು, ಕಿಟಕಿಯ ಬಿಸಿಲು ಬೀಳದ ಕಡೆ ಇರಲಿ. ತಿಂಗಳಿಗೊಮ್ಮೆ ಕಪಾಟನ್ನು ಸರಿಸಿ ಗೋಡೆಯ ಮೇಲೆ ಮಣ್ಣಿನ ಸಣ್ಣ ದಾರಿ ಎದ್ದಿದೆಯೇ ನೋಡಿ. ಗೆದ್ದಲು ಬೆಳಕಿಗೆ ಬರುವುದಿಲ್ಲ, ಹೊರಗಿನ ಪುಸ್ತಕದ ಬೆನ್ನು ಸರಿಯಿದ್ದೇ ಒಳಗೆ ಪೊಳ್ಳಾಗಿರುತ್ತದೆ. ಬೆರಳಿನಿಂದ ಬೆನ್ನನ್ನು ಒತ್ತಿ ನೋಡುವುದೇ ಸರಿಯಾದ ಪರೀಕ್ಷೆ.

ಮಲೆನಾಡಿನವರು ಡಬ್ಬಿ ತೆರೆಯಲು ಹಬ್ಬದ ತಾರೀಖು ನೋಡಬೇಡಿ, ಯಂತ್ರ ನೋಡಿ. ಮಧ್ಯಾಹ್ನದ ತೇವಾಂಶ ಸತತ ಐದು ದಿನ ಶೇ. 60ರ ಕೆಳಗೆ ಇಳಿದ ಮೇಲೆ ತೆರೆಯಿರಿ. ಹಿಂಗಾರು ಜೋರಿರುವ ವರ್ಷ ಇದು ಡಿಸೆಂಬರ್‌ವರೆಗೂ ಹೋಗಬಹುದು. ಮೊದಲು ಒಂದೇ ಡಬ್ಬಿ ತೆರೆದು, ಮೇಲಿನದು, ನಡುವಿನದು, ಕೆಳಗಿನದು ಎಂದು ಮೂರು ಪುಸ್ತಕ ತೆಗೆದು ಮೂಸಿ. ಮೂರರಲ್ಲೂ ಒಣ ಕಾಗದದ ವಾಸನೆ ಇದ್ದರೆ ಉಳಿದ ಡಬ್ಬಿಗಳನ್ನೂ ತೆರೆಯಬಹುದು.